ಎಡಗಡೆಯ ಬಾಗಿಲು

ಸಾರಿಸುವುದು, ಬಳಿಯುವುದು, ಉಜ್ಜುವುದು ನಮ್ಮ ಹೆಂಗಸರ ಕೈಗೆ ಹೊಸದೇನಲ್ಲ. ನಮ್ಮ ಸಾಗರ ಸೀಮೆಯಲ್ಲಿ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚ ಹಿಡಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆಚಿತ್ತಾರ ಬರೆಯುವುದನ್ನು ನೋಡಿದವರಿಗೆ ಗೊತ್ತು, ಒಂದು ಗೆರೆಯೂ ಅಳುಕುವುದಿಲ್ಲ. ಅಷ್ಟು ಕಲೆ ಕೈಯಲ್ಲಿಲ್ಲದ ನಮ್ಮಂಥವರೂ ಚೌತಿಗೆ ಮೊದಲು ಗೋಡೆಗೆ ಸುಣ್ಣ ಬಳಿದುಕೊಂಡು, ಸೋರುವ ಬಿಂದಿಗೆಗೆ ಎಂ-ಸೀಲ್ ಮೆತ್ತಿಕೊಂಡು ಬಂದವರೇ. ಆದರೆ ಕಾರು ಎಂದಕೂಡಲೇ ಅದೇಕೋ ಕೈ ಹಿಂದೆ ಸರಿಯುತ್ತದೆ. ಅದು ಗಂಡಸರ ವಸ್ತು, ಅದಕ್ಕೆ ಏನಾದರೂ ಆದರೆ ಗ್ಯಾರೇಜೇ ಗತಿ ಎಂದು ನಾವೇ ನಂಬಿಬಿಟ್ಟಿದ್ದೇವೆ. ಅದೂ ತಗಡು, ಅದಕ್ಕೂ ಬಳಿದಿರುವುದು ಬಣ್ಣವೇ ಎಂಬುದು ನನಗೆ ಹೊಳೆದದ್ದು 2023ರ ದಸರಾ ರಜೆಯಲ್ಲಿ.

ನಮ್ಮದು ಬಿಳಿಯ ಮಾರುತಿ 800. ಆ ಕಾರು ಹುಟ್ಟಿದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ನಮ್ಮ ಮನೆಗೆ ಬಂದದ್ದು 2008ರ ಡಿಸೆಂಬರಿನಲ್ಲಿ. ಕೊಂಡವರು ನಮ್ಮ ಮಾವನವರು. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸೈಕಲ್ಲಿನಲ್ಲೇ ಶಾಲೆಗೆ ಹೋಗಿಬಂದು, ನಿವೃತ್ತರಾಗಿ ಆರು ವರ್ಷ ಕಳೆದಮೇಲೆ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. ಕಲಿಸುವ ಹುಡುಗ ಅವರ ಹಳೆಯ ವಿದ್ಯಾರ್ಥಿ. "ಸಾರ್, ಕ್ಲಚ್ಚು ಬಿಡಿ" ಎನ್ನಲೂ ಹೆದರುತ್ತಿದ್ದನಂತೆ. ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಕ್ಕೇರಿ, ಕೆಳದಿ, ವರದಹಳ್ಳಿ ಎಂದು ತಿರುಗಿದರು. ನನಗೆ ಕಾರು ಕಲಿಸಿದವರೂ ಅವರೇ. ಅತ್ತೆ 2019ರಲ್ಲಿ ತೀರಿಕೊಂಡ ಮೇಲೆ ಅವರ ಓಡಾಟ ಪೇಟೆ, ಲೈಬ್ರರಿ, ವಾರಕ್ಕೊಮ್ಮೆ ಇಕ್ಕೇರಿ ದೇವಸ್ಥಾನ, ಇಷ್ಟಕ್ಕೆ ನಿಂತಿತ್ತು. ಆದರೂ ದಿನಾ ಬೆಳಿಗ್ಗೆ ಕಾರನ್ನು ಒರೆಸುವುದು ತಪ್ಪಿರಲಿಲ್ಲ.

ಆ ಸೆಪ್ಟೆಂಬರಿನ ಒಂದು ಸಂಜೆ ಗೇಟಿನೊಳಗೆ ತಿರುಗಿಸುವಾಗ ಕಾರಿನ ಎಡಭಾಗ ಕಂಬಕ್ಕೆ ತಾಗಿತು. ನಮ್ಮ ಕಡೆಯ ಜಂಬಿಟ್ಟಿಗೆಯ ಕಂಬ ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ, ತುರಿಮಣೆಯ ಹಾಗೆ. ಮುಂದಿನ ಬಾಗಿಲಲ್ಲಿ ಅಂಗೈ ಅಗಲದ ನೆಗ್ಗು, ಹಿಂದಿನ ಬಾಗಿಲವರೆಗೆ ಎರಡಡಿ ಉದ್ದದ ಗೀರು. ಗೀರಿನ ತುಂಬ ಕೆಂಪು ಪುಡಿ. ಮಾವನವರು ಇಳಿದು ಬಂದು ನೋಡಿ, ಏನೂ ಹೇಳದೆ ಒಳಗೆ ಹೋಗಿ ಕುಳಿತರು.

ನಮ್ಮವರು ಬ್ಯಾಂಕಿನಿಂದ ಬಂದವರೇ ಕೂಗಾಡಿದರು. ಹದಿನೈದು ವರ್ಷದಿಂದ ನೂರಾರು ಸಲ ದಾಟಿದ ಗೇಟು. ಇವತ್ತು ಕಂಬ, ನಾಳೆ ಯಾರದೋ ಮಗು ಎಂದರು. ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಕೀ ತೆಗೆದುಕೊಂಡು ಹೋಗಿ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು ನೋಡಿ, ಅದನ್ನು ಮಾತ್ರ ನನಗೆ ಸಹಿಸಲಾಗಲಿಲ್ಲ. ಎಪ್ಪತ್ತೊಂಬತ್ತು ವರ್ಷದ ಮನುಷ್ಯನ ಕೈಯಿಂದ ಮಗುವಿನ ಕೈಯ ಕತ್ತರಿ ಕಸಿದುಕೊಂಡಂತೆ ಕಸಿದುಕೊಳ್ಳಬಾರದು.

ಗ್ಯಾರೇಜಿನವನು ಟಿಂಕರಿಂಗ್, ಪೇಂಟಿಂಗ್ ಸೇರಿ ಎರಡು ಬಾಗಿಲಿಗೆ ಒಂಬತ್ತು ಸಾವಿರ ಹೇಳಿದ. ಹಳೆಯ ಗಾಡಿ ಎಂದು ನಾವು ಥರ್ಡ್ ಪಾರ್ಟಿ ವಿಮೆ ಮಾತ್ರ ಕಟ್ಟುತ್ತಿದ್ದೆವು. ಅದು ನಮ್ಮಿಂದ ಬೇರೆಯವರಿಗಾದ ನಷ್ಟಕ್ಕೆ, ನಮ್ಮ ಬಾಗಿಲಿಗೆ ಅದರಿಂದ ಒಂದು ಪೈಸೆಯೂ ಸಿಗದು. ಡಿಸೆಂಬರಿಗೆ ಕಾರಿನ ನೋಂದಣಿಗೆ ಹದಿನೈದು ವರ್ಷ ತುಂಬುತ್ತಿತ್ತು. ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕಾದರೆ ಆರ್‌ಟಿಓ ಕಚೇರಿಯಲ್ಲಿ ಗಾಡಿಯನ್ನು ತೋರಿಸಬೇಕು. ವಿಚಿತ್ರವೆಂದರೆ ಮಾವನವರ ಲೈಸೆನ್ಸೂ ಅದೇ ಡಿಸೆಂಬರಿಗೆ ಮುಗಿಯುವುದಿತ್ತು. ಆ ವಯಸ್ಸಿನವರಿಗೆ ಐದೈದು ವರ್ಷಕ್ಕೆ ಕೊಡುತ್ತಾರೆ. ಹೀಗೆ ಗಾಡಿಗೂ ಅದರ ಯಜಮಾನರಿಗೂ ಒಟ್ಟಿಗೇ ಪರೀಕ್ಷೆ.

ರಜೆಯ ಮೊದಲ ದಿನ ನಾನು ಕಾರಿನ ಮುಂದೆ ನಿಂತಿದ್ದಾಗ ಮಾವನವರು ಹಿಂದಿನಿಂದ ಬಂದರು.

"ಆಯುಧ ಪೂಜೆಗೆ ಇದನ್ನು ಹೀಗೇ ನಿಲ್ಲಿಸೋದಾ ಅಮ್ಮಾ?"

"ಗ್ಯಾರೇಜಿಗೆ ಕೊಡೋಣವಂತೆ ಮಾವ."

"ಯಾತಕ್ಕೆ? ತಗಡು ತಾನೆ. ನೀನು ಉಜ್ಜು, ನಾನು ಬಣ್ಣ ಹೊಡೀತೀನಿ."

ಹಾಗೆ ಶುರುವಾಯಿತು. ಕೀ ಬೇಕೆಂದು ನಮ್ಮವರನ್ನು ಕೇಳಲಿಲ್ಲ. ಪೋರ್ಟಿಕೋದಲ್ಲಿ ನಿಂತ ಕಾರಿನ ಬಾಗಿಲಿಗೆ ಬೀಗ ಹಾಕುವ ರೂಢಿ ನಮ್ಮಲ್ಲಿಲ್ಲ.

ಮೊದಲು ನೆಗ್ಗು. ಹೊರಗಿನಿಂದ ಎಳೆಯುವುದಕ್ಕಿಂತ ಒಳಗಿನಿಂದ ತಳ್ಳುವುದು ಸುಲಭ. ಅದಕ್ಕೆ ಬಾಗಿಲ ಒಳಹಲಗೆ ಬಿಚ್ಚಬೇಕು. ಗಾಜು ಏರಿಸುವ ಹಿಡಿಕೆಯ ಹಿಂದೆ ಕುದುರೆಲಾಳದ ಆಕಾರದ ಒಂದು ತಂತಿ ಕ್ಲಿಪ್ಪಿರುತ್ತದೆ. ಒಂದು ಹಳೇ ಬಟ್ಟೆಯನ್ನು ಹಿಡಿಕೆಯ ಹಿಂದೆ ತೂರಿಸಿ ಆಚೀಚೆ ಎಳೆದರೆ ಕ್ಲಿಪ್ಪು ಟಣ್ಣೆಂದು ಹಾರುತ್ತದೆ. ನಮ್ಮದು ಹಾರಿ ತುಳಸಿಕಟ್ಟೆಯ ಹಿಂದೆ ಬಿತ್ತು. ಹಲಗೆ ತೆಗೆದರೆ ಒಳಗೆ ಬಾಗಿಲು ಟೊಳ್ಳು, ಹೊರಗಿನ ತಗಡು ಎಷ್ಟು ತೆಳುವೆಂದರೆ ಒಂದು ಮಿಲಿಮೀಟರೂ ಇಲ್ಲ. ಹಳೆಯ ಜೀನ್ಸಿನ ಕಾಲು ಕತ್ತರಿಸಿ ಮರಳು ತುಂಬಿ ಹೊಲಿದ ಚೀಲವನ್ನು ನಾನು ಹೊರಗಿನಿಂದ ಒತ್ತಿಹಿಡಿದೆ, ಅವರು ಒಳಗಿನಿಂದ ಕೊಡತಿಯಲ್ಲಿ ಮೆಲ್ಲಗೆ ತಟ್ಟಿದರು. ಇಲ್ಲಿ ಜೋರು ಮಾಡಬಾರದು. ಬಡಿದಷ್ಟೂ ತಗಡು ಹಿಗ್ಗುತ್ತದೆ, ಹಿಗ್ಗಿದ ತಗಡು ಎಣ್ಣೆಡಬ್ಬಿಯ ತಳದ ಹಾಗೆ ಒತ್ತಿದರೆ ಟಕ್ ಎಂದು ಒಳಗೆ, ಬಿಟ್ಟರೆ ಟಕ್ ಎಂದು ಹೊರಗೆ. ನಾಲ್ಕಾಣೆ ಪಾಲು ನೆಗ್ಗು ಉಳಿಯಲಿ ಎಂದು ಬಿಡಬೇಕು; ಪುಟ್ಟಿ ಇರುವುದೇ ಅದಕ್ಕೆ. ಆದರೆ ಪುಟ್ಟಿಯೂ ಎರಡು ಮೂರು ಮಿಲಿಮೀಟರಿಗಿಂತ ದಪ್ಪವಾದರೆ ಒಂದು ದಿನ ಬಿರುಕು ಬಿಡುತ್ತದೆ.

ಆಮೇಲೆ ಗೀರು. ಉಗುರನ್ನು ಅಡ್ಡಕ್ಕೆ ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಗಾಯ ಮೇಲುಮೇಲಿನದು, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಒರೆಸಿದರೆ ಹೋಗುತ್ತದೆ. ಸಿಕ್ಕಿಕೊಂಡರೆ ಬಣ್ಣವೇ ಬೇಕು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂಥ ಒಂದು ತಿಳಿಪದರ ಇರುತ್ತದೆ. ಬಿಳಿಯಂಥ ಸಾದಾ ಬಣ್ಣದ ಹಳೆಯ ಗಾಡಿಗಳಲ್ಲಿ ಎಷ್ಟೋ ಸಲ ಅದಿರುವುದಿಲ್ಲ. ನಮ್ಮದರಲ್ಲಿ ಇದೆಯೇ ಎಂದು ತಿಳಿಯಲು ಕಪ್ಪು ಬ್ಲೌಸ್ ಪೀಸಿನ ತುಂಡಿಗೆ ಪಾಲಿಶ್ ಹಚ್ಚಿ ಮೂಲೆಯಲ್ಲಿ ಉಜ್ಜಿದೆ. ಬಟ್ಟೆಗೆ ಬಿಳಿ ಹತ್ತಿತು. ಅಂದರೆ ತಿಳಿಪದರ ಇಲ್ಲ, ಕೆಲಸ ಒಂದು ಕಡಿಮೆ.

ಸೋಪಿನ ನೀರಲ್ಲಿ ತೊಳೆದು, ಥಿನ್ನರ್ ಬಟ್ಟೆಯಲ್ಲಿ ಒರೆಸಿ ಉಜ್ಜಲು ಕೂತೆವು. ಅಂಗಡಿಯಲ್ಲಿ ಎಮರಿ ಪೇಪರ್, ವಾಟರ್ ಪೇಪರ್ ಎಂದು ಕೇಳಿದರೆ ಕೊಡುತ್ತಾರೆ. ನಂಬರು ಸಣ್ಣದಾದಷ್ಟೂ ಒರಟು. 120ರಲ್ಲಿ ಶುರುಮಾಡಿ 220, 400 ಎಂದು ಏರಬೇಕು. ಅಂಚು ಮೆಟ್ಟಿಲಾಗಿ ನಿಲ್ಲದೆ ಇಳಿಜಾರಾಗುವವರೆಗೆ ಉಜ್ಜಿದಾಗ ನಡುವೆ ಬರಿಯ ತಗಡು, ಅದರ ಸುತ್ತ ಬೂದು, ಅದರ ಸುತ್ತ ಬಿಳಿ ಕಂಡವು. ನಾನು ಸಮಾಜ ವಿಜ್ಞಾನ ಹೇಳಿಕೊಡುವವಳು. ನಕ್ಷೆಯ ಸಮೋನ್ನತ ರೇಖೆಗಳೇ ನೆನಪಾದವು. ಐದೇ ವಾರದಲ್ಲಿ ತಗಡಿನ ಮೇಲೆ ತುಕ್ಕಿನ ಚುಕ್ಕೆಗಳು ಮೂಡಿದ್ದವು. ಮಲೆನಾಡಿನಲ್ಲಿ ಅದಕ್ಕೆ ಆಶ್ಚರ್ಯಪಡಬೇಕಿಲ್ಲ. ಫಾಸ್ಫಾರಿಕ್ ಆಮ್ಲ ಇರುವ ತುಕ್ಕು ನಿವಾರಕವನ್ನು ಕೈಗವಸು ಹಾಕಿ ಬಳಿದು, ಚೆನ್ನಾಗಿ ಒರೆಸಿ ಒಣಗಿಸಿದೆವು. ತುಕ್ಕಿನ ಮೇಲೇ ಬಣ್ಣ ಹೊಡೆದರೆ ಅದು ಒಳಗೊಳಗೇ ತಿನ್ನುತ್ತ ಹೋಗುತ್ತದೆ.

ಪುಟ್ಟಿ ಕಲಸುವುದನ್ನು ಅಡುಗೆ ಮಾಡುವವರಿಗೆ ಬೇರೆ ಹೇಳಿಕೊಡಬೇಕಿಲ್ಲ. ನೂರು ಗ್ರಾಮಿಗೆ ಎರಡು ಗ್ರಾಮಿನಷ್ಟು ಹಾರ್ಡನರ್, ಎಂದರೆ ಒಂದು ನಿಂಬೆಹಣ್ಣಿನ ಗಾತ್ರಕ್ಕೆ ಒಂದು ಕಡಲೆಕಾಳು. ಒಡೆದ ಟೈಲ್ಸಿನ ಮೇಲೆ ಹಾಕಿ ಬಣ್ಣ ಒಂದೇ ಸಮ ಆಗುವವರೆಗೆ ಕಲಸಿ, ನಾಲ್ಕೈದು ನಿಮಿಷದೊಳಗೆ ಎಳೆದು ಮುಗಿಸಬೇಕು; ಆಮೇಲೆ ಅದು ನಮ್ಮ ಮಾತು ಕೇಳುವುದಿಲ್ಲ. ಅರ್ಧ ಗಂಟೆ ಬಿಟ್ಟು ಉಜ್ಜಬಹುದು. ಈ ಪುಟ್ಟಿ ನೀರು ಹೀರುವುದರಿಂದ ಒಣಗಾಗಿಯೇ ಉಜ್ಜಬೇಕು, ಮೂಗಿಗೆ ಮಾಸ್ಕ್ ಬೇಕೇಬೇಕು. ಮಾವನವರು ಇದ್ದಿಲ ಪುಡಿಯನ್ನು ಬಟ್ಟೆಯಲ್ಲಿ ಅದ್ದಿ ಪುಟ್ಟಿಯ ಮೇಲೆ ತೆಳ್ಳಗೆ ಸವರಿದರು. ಉಜ್ಜಿದಾಗ ಉಬ್ಬಿದ ಕಡೆ ಕಪ್ಪು ಹೋಗುತ್ತದೆ, ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಕೊನೆಗೆ ಕಣ್ಣು ಮುಚ್ಚಿ ಅಂಗೈ ಆಡಿಸಿ, "ಇಲ್ಲಿ ಇನ್ನೂ ಒಂದು ಕೂದಲಷ್ಟಿದೆ" ಎನ್ನುತ್ತಿದ್ದರು. ಕಣ್ಣಿಗೆ ಕಾಣದ್ದು ಅಂಗೈಗೆ ಸಿಗುತ್ತದೆ. ನೀವೂ ಮಾಡಿ ನೋಡಿ, ಅಂಗೈ ಕೆಳಗೆ ತೆಳು ಬಟ್ಟೆ ಇಟ್ಟುಕೊಂಡರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಎರಡನೆಯ ದಿನ ನಾನು ಚಹಾ ತಂದು ಅವರ ಎಡಗಡೆ ಇಟ್ಟೆ. ಸ್ವಲ್ಪ ಹೊತ್ತಿಗೆ ಅವರ ಮೊಣಕೈ ತಾಗಿ ಲೋಟ ಉರುಳಿತು. ಬಿಡಿ, ಯಾರಿಗೂ ಆಗುವಂಥದ್ದು. ಅದೇ ಮಧ್ಯಾಹ್ನ ಎಡಗಡೆ ಇದ್ದ ಬಕೆಟ್ಟಿಗೆ ಕಾಲು ತಾಗಿಸಿಕೊಂಡು ನೀರೆಲ್ಲ ಚೆಲ್ಲಿದರು. ಮರುದಿನ ನಾನು 400ರ ಪೇಪರನ್ನು ಎಡಗಡೆಯೇ ಹಿಡಿದು ನಿಂತಿದ್ದೆ, ಅವರು ಅದನ್ನೇ ಬಲಗಡೆ ನೆಲದಲ್ಲಿ ಹುಡುಕುತ್ತಿದ್ದರು. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಯಾವ ಮಗು ಬೋರ್ಡು ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದೆ ಎಂಬುದು ಹಿಂದಿನ ಬೆಂಚಿನವರೆಗೂ ತಿಳಿಯುತ್ತದೆ. ಮಗು ತನಗೆ ಕಾಣುವುದಿಲ್ಲ ಎಂದು ಹೇಳುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ನಾನು ಪೇಪರನ್ನು ಅವರ ಬಲಗೈಗೆ ಕೊಟ್ಟೆ. ಆಗ ಏನೂ ಹೇಳಲಿಲ್ಲ.

ರಾತ್ರಿ ನಮ್ಮವರಿಗೆ ಹೇಳಿದೆ. "ಕೀ ಎತ್ತಿಟ್ಟಿರಲ್ಲ, ಅಷ್ಟು ದೊಡ್ಡ ಕಂಬ ಯಾಕೆ ಕಾಣಲಿಲ್ಲ ಅಂತ ನಾವ್ಯಾರಾದರೂ ಕೇಳಿದೆವಾ?" ಅವರು ಬಹಳ ಹೊತ್ತು ಸುಮ್ಮನಿದ್ದು, "ವಯಸ್ಸಾಯಿತು ಅಂದುಕೊಂಡೆ" ಎಂದರು.

ಹೇಗೂ ಬಣ್ಣಕ್ಕಾಗಿ ಶಿವಮೊಗ್ಗಕ್ಕೆ ಹೋಗಬೇಕಿತ್ತು. ಮಾರುತಿಯ ಬಿಳಿಯ ಹೆಸರು ಸುಪೀರಿಯರ್ ವೈಟ್. ಸ್ಪ್ರೇ ಡಬ್ಬಿ ಸಿದ್ಧವಾಗಿಯೇ ಸಿಗುತ್ತದೆ. ಮಾವನವರು ಒಪ್ಪಲಿಲ್ಲ. ಕಂಪನಿಯ ಬಿಳಿ ಬೇರೆ, ಹದಿನೈದು ವರ್ಷ ಬಿಸಿಲು ಕಂಡ ನಮ್ಮ ಬಿಳಿ ಬೇರೆ ಎಂದರು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, "ಬಣ್ಣ ನೋಡೋಕೆ ನೀವೇ ಬೇಕು ಮಾವ, ಹಾಗೇ ಕಣ್ಣನ್ನೂ ಒಮ್ಮೆ ತೋರಿಸಿ ಬರೋಣ" ಎಂದು ಬಸ್ಸು ಹತ್ತಿಸಿದೆ. ಅಂಗಡಿಯ ಹುಡುಗ ಬಿಳಿಗೆ ಚೂರು ಕಪ್ಪು, ಚೂರು ಹಳದಿ ಸೇರಿಸಿದ. ಮಾವನವರು ಅದನ್ನು ಬಿಸಿಲಿಗೆ ತಂದು ಮುಚ್ಚಳದ ಪಕ್ಕ ಹಿಡಿದು, "ಇನ್ನೊಂದು ಹನಿ ಹಳದಿ" ಎಂದರು. ಹುಡುಗ ಹಾಕಿದ. ಎರಡೂ ಒಂದೇ ಆದವು. ಬಣ್ಣವನ್ನು ಸ್ಪ್ರೇ ಡಬ್ಬಿಗೆ ತುಂಬಿಸಿಕೊಂಡೆವು. ಇಷ್ಟು ಸೂಕ್ಷ್ಮ ಕಣ್ಣು ಎಂದು ಹುಡುಗ ಬೆರಗಾಗಿದ್ದ.

ಕಣ್ಣಿನ ಡಾಕ್ಟರ ಬಳಿ ಒಂದು ಯಂತ್ರದೊಳಗೆ ಗಲ್ಲವಿಟ್ಟು ಕೂರಿಸಿದರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಬಹಳ ಹೊತ್ತು ಗುಂಡಿಯ ಸದ್ದೇ ಇರಲಿಲ್ಲ. ಹೊರಬಂದ ಕಾಗದದಲ್ಲಿ ಎಡಗಣ್ಣಿನ ಚಿತ್ರದ ಹೆಚ್ಚುಭಾಗ ಕಪ್ಪಾಗಿತ್ತು, ನಡುವೆ ಮಾತ್ರ ಬೆಳಗಿತ್ತು. ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡದಿಂದ ನರ ಸವೆಯುತ್ತ ಬರುವ ರೋಗ, ನೋವಿಲ್ಲ, ಕೆಂಪಿಲ್ಲ. ಅಂಚಿನ ನೋಟ ಮೊದಲು ಹೋಗುತ್ತದೆ, ನೇರ ನೋಟ ಕೊನೆಯವರೆಗೂ ಉಳಿದಿರುತ್ತದೆ. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಜೀವಮಾನವಿಡೀ ಹನಿ ಹಾಕಿಕೊಳ್ಳಬೇಕು. ನಲವತ್ತು ದಾಟಿದವರು ಕನ್ನಡಕದ ನಂಬರಿನ ಜೊತೆ ಕಣ್ಣಿನ ಒತ್ತಡವನ್ನೂ ನೋಡಿಸಿಕೊಳ್ಳಬೇಕೆಂದರು. ನಾನೂ ಅಲ್ಲೇ ನೋಡಿಸಿಕೊಂಡೆ.

ಮಾವನವರು ಆ ಕಾಗದವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. "ಷೇಡಿಂಗ್ ಚೆನ್ನಾಗಿ ಮಾಡಿದೆ ಮೆಷಿನ್ನು" ಎಂದರು. ಆನಂದಪುರ ದಾಟಿದ ಮೇಲೆ ಇನ್ನೊಂದು ಮಾತು. "ಕಂಬ ಅಲ್ಲಿತ್ತು ಅಮ್ಮಾ. ನನ್ನ ಲೆಕ್ಕದಲ್ಲಿ ಅಲ್ಲಿ ಏನೂ ಇರಲಿಲ್ಲ."

ಮರುದಿನ ಕೆಲಸ ನಿಲ್ಲುತ್ತದೆಯೆಂದು ಹೆದರಿದ್ದೆ. ಬೆಳಿಗ್ಗೆ ಆರಕ್ಕೇ ಅವರು ಹಳೇ ಪೇಪರು, ಮಾಸ್ಕಿಂಗ್ ಟೇಪು ಹಿಡಿದು ಕೂತಿದ್ದರು. ಈ ಟೇಪು ಹುಟ್ಟಿದ್ದೇ ಕಾರಿನ ಬಣ್ಣದವರಿಗಾಗಿ. 1925ರಲ್ಲಿ ಅಮೆರಿಕದ 3ಎಂ ಕಂಪನಿಯ ರಿಚರ್ಡ್ ಡ್ರೂ ಎಂಬಾತ, ಎರಡು ಬಣ್ಣದ ಕಾರುಗಳಿಗೆ ಅಂಟಿಸಿದ ಕಾಗದ ಕೀಳುವಾಗ ಬಣ್ಣವೂ ಕಿತ್ತುಬಂದು ಕೆಲಸಗಾರರು ಬೈದುಕೊಳ್ಳುವುದನ್ನು ನೋಡಿ ಇದನ್ನು ಮಾಡಿದನಂತೆ. ಆ ಕಾಲಕ್ಕೆ ಸ್ವಲ್ಪ ಮುಂಚೆಯೇ ಡ್ಯುಪಾಂಟ್ ಕಂಪನಿಯ ಡ್ಯೂಕೋ ಎಂಬ ಬೇಗ ಒಣಗುವ ಬಣ್ಣ ಬಂದಿತ್ತು. ಅದಕ್ಕೆ ಮೊದಲು ಒಂದು ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ನಮ್ಮ ಪೇಂಟರುಗಳ ಬಾಯಲ್ಲಿ ಡ್ಯೂಕೋ ಎಂಬ ಮಾತು ಇನ್ನೂ ಇದೆ. ಸ್ಪ್ರೇ ಬಣ್ಣದ ಡಬ್ಬಿ 1949ರಲ್ಲಿ ಇಲಿನಾಯ್‌ನ ಎಡ್ ಸೇಮೋರ್ ಮಾಡಿದ್ದು. ಉಪಾಯ ಹೇಳಿಕೊಟ್ಟದ್ದು ಅವನ ಹೆಂಡತಿ ಎನ್ನುತ್ತಾರೆ. ಇರಬಹುದು, ಯಾಕಿರಬಾರದು?

ತೇಪೆಯ ಜಾಗಕ್ಕಷ್ಟೇ ಬಣ್ಣ ಹೊಡೆದರೆ ಸುತ್ತ ಗೆರೆ ಕಾಣುತ್ತದೆ. ಬಾಗಿಲ ನಡುವೆ ಹಾದುಹೋಗುವ ಮಡಿಕೆಯವರೆಗೆ, ಕೆಳಗಿನ ಪಾಲಿಗೆಲ್ಲ ಹೊಡೆಯುವುದು ಕ್ಷೇಮ. ಮೊದಲು ಬೂದು ಪ್ರೈಮರ್, ಒಣಗಿದ ಮೇಲೆ ನೀರು ಹಾಕಿ 600ರಲ್ಲಿ ಉಜ್ಜಿ ಕನ್ನಡಿಯಂತೆ ಮಾಡಿ, ಆಮೇಲೆ ಬಿಳಿ. ಮಳೆಗಾಲದ ತೇವದಲ್ಲಿ ಈ ಕೆಲಸ ಮಾಡಬಾರದು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂತು ಹೊಳಪು ಮಂಕಾಗುತ್ತದೆ. ಆ ವರ್ಷ ರಾಜ್ಯಕ್ಕೆಲ್ಲ ಬರ, ನಮ್ಮ ಮಲೆನಾಡಿಗೂ ಮಳೆ ಕಡಿಮೆ. ಬಾವಿಯ ನೀರು ನೋಡಿ ದುಃಖವಾಗುತ್ತಿದ್ದರೂ ಬಣ್ಣಕ್ಕೆ ಮಾತ್ರ ಹದವಾದ ಒಣಹವೆ. ಬಚ್ಚಲೊಲೆಗೆ ಅಂದು ಬೆಂಕಿ ಹಾಕಲಿಲ್ಲ. ಸ್ಪ್ರೇ ಮಾಡುವ ಕಡೆ ಕಿಡಿಯಿರಬಾರದು. ಗ್ಯಾರೇಜಿನವರು ಹಾರ್ಡನರ್ ಬೆರೆಸಿ ಹೊಡೆಯುವ ಪಿ.ಯು. ಬಣ್ಣವನ್ನಂತೂ ಮನೆಯಲ್ಲಿ ಯಾರೂ ಮಾಡಹೋಗಬೇಡಿ. ಅದರ ಐಸೋಸಯನೇಟ್ ಎಂಬ ವಸ್ತು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರುತ್ತದೆ.

ಮಾವನವರು ಡಬ್ಬಿಯನ್ನು ಎರಡು ನಿಮಿಷ ಅಲ್ಲಾಡಿಸಿದರು. ಒಳಗಿನ ಗೋಲಿ ಕಟಕಟ ಎನ್ನುತ್ತಿತ್ತು. ರಟ್ಟಿನ ಮೇಲೆ ಒಂದು ಸಲ ಹೊಡೆದು ನೋಡಿದರು. ಕೈ ನಡುಗಿ ಗೆರೆ ಅಲೆಯಾಯಿತು. ಇನ್ನೊಂದು ಸಲ, ಮತ್ತೊಂದು ಸಲ. ಆಮೇಲೆ ಡಬ್ಬಿಯನ್ನು ನನ್ನ ಕೈಗಿಟ್ಟರು.

"ಒಂದು ಗೇಣು, ಮೇಲೆ ನಾಲ್ಕು ಬೆರಳು ದೂರ. ಬಾಗಿಲಿನ ಆಚೆಯೇ ಶುರುಮಾಡು, ಆಚೆಯೇ ನಿಲ್ಲಿಸು. ನಡುವೆ ನಿಲ್ಲಬೇಡ. ಮಣಿಕಟ್ಟು ತಿರುಗಿಸಬೇಡ, ಇಡೀ ತೋಳು ಹೋಗಲಿ."

ಅವರು ಬಲಗಡೆ ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಮೊದಲ ಕೈಗೆ ಬೂದು ಪೂರ್ತಿ ಮುಚ್ಚಲಿಲ್ಲ. "ಮುಚ್ಚಬೇಕಾಗಿಲ್ಲ, ಹತ್ತು ನಿಮಿಷ ಬಿಡು." ಅವಸರ ಮಾಡಿ ದಪ್ಪಗೆ ಹೊಡೆದರೆ ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ. ಹಾಗೆ ನಾಲ್ಕು ಕೈ. ಬಣ್ಣ ಪೂರ್ತಿ ಗಟ್ಟಿಯಾಗುವ ಮುಂಚೆ ಟೇಪನ್ನು ಮಡಚಿದಂತೆ ಹಿಂದಕ್ಕೆ ಎಳೆದು ಕಿತ್ತೆವು. ಎರಡು ವಾರ ಕಳೆದ ಮೇಲೆ 2000ರ ಪೇಪರಿನಲ್ಲಿ ನೀರು ಹಾಕಿ ಮೃದುವಾಗಿ ಉಜ್ಜಿ ಪಾಲಿಶ್ ಹಾಕಿದೆ. ಒಟ್ಟು ಖರ್ಚು, ಬಸ್ ಚಾರ್ಜು ಸೇರಿ, ಎರಡು ಸಾವಿರಕ್ಕೆ ಚೂರು ಕಡಿಮೆ. ಕಣ್ಣಿನ ಡಾಕ್ಟರದು ಬೇರೆ ಲೆಕ್ಕ.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಕೀ ಬಚ್ಚಿಟ್ಟ ನಮ್ಮವರೇ ಲೈಸೆನ್ಸ್ ನವೀಕರಣಕ್ಕೆ ಬೇಕಾದ ಫಾರಂ 1ಎ ತಂದು ಮೇಜಿನ ಮೇಲಿಟ್ಟರು. ಡಾಕ್ಟರು ತುಂಬಿಸಿ ಸಹಿ ಹಾಕಬೇಕಾದ ಕಾಗದ. ಅದರಲ್ಲಿ, ಒಳ್ಳೆಯ ಹಗಲಿನಲ್ಲಿ ಇಪ್ಪತ್ತೈದು ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲರೇ ಎಂಬ ಪ್ರಶ್ನೆಯಿದೆ. ಪಕ್ಕದ ಮನೆಯವರು ಉತ್ಸಾಹದಿಂದ ರಸ್ತೆಯಲ್ಲಿ ಹೆಜ್ಜೆ ಅಳೆದು ತಮ್ಮ ಗಾಡಿ ನಿಲ್ಲಿಸಿದರು. ಮಾವನವರು ಕೆಎ-15ರಿಂದ ಹಿಡಿದು ಕೊನೆಯ ಅಂಕಿಯವರೆಗೆ ತಡವರಿಸದೆ ಓದಿದರು. "ಮತ್ತೇನು! ಊರೊಳಗೆ ಮಾತ್ರ ಓಡಿಸಲಿ" ಎಂದು ಅವರೂ, "ನಿಧಾನವಾಗಿ ಹೋದರೆ ಆಯಿತಪ್ಪ" ಎಂದು ನಮ್ಮವರೂ. ಅಪ್ಪನ ಮುಖ ನೋಡಿ ಅವರಿಗೆ ತಡೆಯಲಾಗಿರಲಿಲ್ಲ. ನನಗೂ ಹಾಗೇ ಆಗುತ್ತಿತ್ತು. ಆದರೆ ಆ ಬೆಂಗಳೂರು ರಸ್ತೆಯ ಎಡಗಡೆಯಲ್ಲಿ ನನ್ನ ಶಾಲೆಯ ಮಕ್ಕಳು ನಡೆದು ಬರುತ್ತಾರೆ. ಆ ಮಾತನ್ನು ಆಡಲೇಬೇಕಾಗುತ್ತದೆಂದು ಮನಸ್ಸನ್ನು ಗಟ್ಟಿಮಾಡಿಕೊಳ್ಳುತ್ತಿದ್ದೆ.

ಅಕ್ಟೋಬರ್ 23ರಂದು ಆಯುಧ ಪೂಜೆ. ಬಾಳೆಕಂದು ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ, ಕಾರಿನ ಮುಂದೆ ಕೊಡತಿ, ಸ್ಕ್ರೂಡ್ರೈವರು, ನನ್ನ ಹೊಲಿಗೆ ಕತ್ತರಿ, ಖಾಲಿ ಸ್ಪ್ರೇ ಡಬ್ಬಿ ಎಲ್ಲವನ್ನೂ ಸಾಲಾಗಿ ಇಟ್ಟೆವು. ನಮ್ಮವರು ಬೀರುವಿನಿಂದ ಕೀ ತಂದು ತಟ್ಟೆಯಲ್ಲಿಟ್ಟರು. ಮಂಗಳಾರತಿಯಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಪ್ರತಿವರ್ಷ ಅದರ ಮೇಲೆ ಗಾಡಿ ಹಾಯಿಸುವವರು ಮಾವನವರು. ಅವರು ಕುಂಕುಮ ಹಚ್ಚಿದ ಕೀ ತೆಗೆದುಕೊಂಡರು. ಕಾರಿನ ಮುಂದಿನಿಂದ ಸುತ್ತಿ ಬಂದು, ಅದನ್ನು ನನ್ನ ಕೈಯಲ್ಲಿಟ್ಟು, ಎಡಗಡೆಯ ಬಾಗಿಲು ತೆಗೆದು ಕುಳಿತರು.

"ನಡಿ, ಇಕ್ಕೇರಿಗೆ ಹೋಗಿ ಬರೋಣ. ಗೇಟಿನ ಹತ್ತಿರ ಎಡಕ್ಕೆ ಜಾಗ ಎಷ್ಟಿದೆ ಅಂತ ನೀನೇ ನೋಡ್ಕೋ."

ಡಿಸೆಂಬರಿನಲ್ಲಿ ಕಾರನ್ನು ಆರ್‌ಟಿಓ ಕಚೇರಿಗೆ ಒಯ್ದೆವು. ಛಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಡಬೇಕಿತ್ತು. ಮಾವನವರು ಅದನ್ನು ಎಷ್ಟು ಒಪ್ಪವಾಗಿ ತೆಗೆದರೆಂದರೆ ಅಲ್ಲಿದ್ದ ಏಜೆಂಟನೊಬ್ಬ ತನಗೂ ಒಂದು ತೆಗೆದುಕೊಡಿ ಎಂದ. ಇನ್‌ಸ್ಪೆಕ್ಟರು ಗಾಡಿಯನ್ನು ಸುತ್ತಿ ಬಂದು, ಓರೆ ಬಿಸಿಲಿನಲ್ಲಿ ತಲೆ ಬಾಗಿಸಿ, "ಈ ಬಾಗಿಲು ರೀ-ಪೇಂಟ್ ಆಗಿದೆಯಾ?" ಎಂದರು.

"ಹೌದು. ಇವಳೇ ಹೊಡೆದದ್ದು" ಎಂದರು ಮಾವನವರು.

ನೋಂದಣಿ 2028ರವರೆಗೆ ಮುಂದುವರಿಯಿತು. ಅದಾದ ಮೇಲೆ ಮಳೆಗಾಲಗಳು ಕಳೆದಿವೆ. ಹಿಂದಿನ ಬಾಗಿಲ ಕೆಳ ಅಂಚಿನಲ್ಲಿ ಒಂದು ಸಣ್ಣ ಗುಳ್ಳೆ ಎದ್ದಿದೆ, ಬರುವ ರಜೆಯಲ್ಲಿ ಅದನ್ನು ನೋಡಬೇಕು. ಫಾರಂ 1ಎ ತುಂಬಿಸದೆಯೇ ಮೇಜಿನ ಡ್ರಾಯರಿನಲ್ಲಿದೆ. ಅವಧಿ ಮುಗಿದ ಲೈಸೆನ್ಸು ಮಾವನವರ ಪರ್ಸಿನಲ್ಲಿ, ಅತ್ತೆಯ ಫೋಟೋದ ಹಿಂದೆ ಇದೆ. ರಾತ್ರಿ ಊಟವಾದ ಮೇಲೆ ಕಣ್ಣಿಗೆ ಹನಿ ಹಾಕುವ ಕೆಲಸ ನಮ್ಮವರದು.